ಸಿರಿಮಿರಿ ಮಳೆಯಲ್ಲಿ ಲೆಸಾಮಾ

ಸ್ಪೇನಿನ ಬಿಲ್ಬಾವೊದಲ್ಲಿ ಇಳಿದ ದಿನದಿಂದಲೂ ಮಳೆ. ಜೋರು ಮಳೆಯಲ್ಲ. ಕೊಡೆ ಬಿಚ್ಚೋಣವೇ ಬೇಡವೇ ಅಂತ ಯೋಚಿಸುವಷ್ಟರಲ್ಲಿ ಅಂಗಿ ಒದ್ದೆ ಮಾಡಿಬಿಡುವ ಜಿಟಿಜಿಟಿ. ಇಲ್ಲಿನವರು ಅದಕ್ಕೆ ಸಿರಿಮಿರಿ ಅನ್ನುತ್ತಾರೆ. ಹೆಸರು ಕೇಳಿ ಅಕ್ಕನ ಮಗನಿಗೆ ಖುಷಿಯೋ ಖುಷಿ. "ಮಾವ, ಇದು ನಮ್ಮ ಕನ್ನಡ ಪದದ ಥರಾನೇ ಇದೆ ಅಲ್ವಾ?" ಅಂತ ಮೂರು ಸಲ ಕೇಳಿದ.

ಅವನಿಗೆ 12 ವರ್ಷ. ಮನೆ ಹಲಸೂರಿನ ಗೌತಮಪುರದಲ್ಲಿ. ಪೆಲೆಗೆ ಪ್ರತಿಮೆ ನಿಲ್ಲಿಸಿರುವ ಬಡಾವಣೆ ಅದು, ಅಲ್ಲಿ ಮಕ್ಕಳು ನಡೆಯೋದು ಕಲಿಯುವಾಗಲೇ ಚೆಂಡು ಒದೆಯುತ್ತವೆ. ಕಳೆದ ವರ್ಷ ಇವನು ಬೆಂಗಳೂರಿನ ಒಂದು ಫುಟ್‌ಬಾಲ್ ಅಕಾಡೆಮಿಯ ಸೆಲೆಕ್ಷನ್‌ಗೆ ಹೋಗಿದ್ದ. ಒಂದೇ ಬೆಳಗ್ಗೆ ನೂರಾರು ಹುಡುಗರು. ಇವನಿಗೆ ಆಡಲು ಸಿಕ್ಕಿದ್ದು ಇಪ್ಪತ್ತು ನಿಮಿಷ. "ಆಟ ಚೆನ್ನಾಗಿದೆ, ಆದ್ರೆ ಮೈಕಟ್ಟು ಸಾಲದು" ಅಂದು ಕಳಿಸಿದರು. ಎರಡು ತಿಂಗಳು ಅವನು ಬೂಟು ಮುಟ್ಟಲಿಲ್ಲ. ಅಕ್ಕನ ಮನೆ ಬಾಗಿಲಲ್ಲಿ ಧೂಳು ಹಿಡಿದ ಆ ಬೂಟು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ಏಪ್ರಿಲ್ ರಜೆ ಬಂದ ಕೂಡಲೇ ಅವನನ್ನು ಕರೆದುಕೊಂಡು ಸ್ಪೇನಿನ ಉತ್ತರ ತುದಿಗೆ, ಬಾಸ್ಕ್ ನಾಡಿಗೆ ಹೊರಟೆ.

ಯಾಕೆ ಬಾಸ್ಕ್ ನಾಡು? ಅಥ್ಲೆಟಿಕ್ ಬಿಲ್ಬಾವೊ ಅನ್ನುವ ಫುಟ್‌ಬಾಲ್ ಕ್ಲಬ್ ಅಲ್ಲಿದೆ. 1898ರಲ್ಲಿ ಹುಟ್ಟಿದ್ದು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತ ಹುಡುಗರನ್ನಷ್ಟೇ ಆಡಿಸುತ್ತಾರೆ. ಸ್ಪೇನ್, ಫ್ರಾನ್ಸ್ ಎರಡೂ ಕಡೆಯ ಬಾಸ್ಕ್ ಸೀಮೆ ಸೇರಿಸಿದರೂ ಜನಸಂಖ್ಯೆ ಸುಮಾರು 30 ಲಕ್ಷ. ನಮ್ಮ ಬೆಂಗಳೂರೊಂದರಲ್ಲೇ ಅದರ ಮೂರು ಪಟ್ಟಿಗಿಂತ ಜಾಸ್ತಿ ಜನ ಇದ್ದಾರೆ. ಆದರೂ 1929ರಲ್ಲಿ ಸ್ಪೇನಿನ ಲೀಗ್ ಶುರುವಾದಾಗಿನಿಂದ ಒಮ್ಮೆಯೂ ಮೊದಲ ದರ್ಜೆಯಿಂದ ಕೆಳಗೆ ಬೀಳದ ತಂಡಗಳು ಮೂರೇ: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಇವರು. 2018ರಲ್ಲಿ ಗೋಲ್‌ಕೀಪರ್ ಕೆಪಾನನ್ನು ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗೆ ಬಿಟ್ಟುಕೊಟ್ಟಾಗ 8 ಕೋಟಿ ಯೂರೋ ಬಂತು. ಬೇರೆ ಕ್ಲಬ್ ಆಗಿದ್ದರೆ ಮರುದಿನವೇ ಬ್ರೆಜಿಲ್‌ನಿಂದಲೋ ಅರ್ಜೆಂಟೀನಾದಿಂದಲೋ ಒಬ್ಬನನ್ನು ತರುತ್ತಿತ್ತು. ಇವರು ತರುವ ಹಾಗಿಲ್ಲ. ಇರುವ ಹುಡುಗರನ್ನೇ ಬೆಳೆಸಬೇಕು.

ಶನಿವಾರ ಬೆಳಗ್ಗೆ ಹಳೇ ಊರಿನ ನಿಲ್ದಾಣದಿಂದ ಚಿಕ್ಕ ರೈಲು ಹತ್ತಿದೆವು. ಸೊಂಡಿಕಾ, ಡೆರಿಯೊ, ಸಾಮುಡಿಯೊ. ಹಸಿರು ಗುಡ್ಡ, ಕೆಂಪು ಹೆಂಚಿನ ಮನೆ, ಮೇಯುವ ದನ. ಸುಮ್ನೆ ಮಲೆನಾಡಲ್ಲಿ ಹೋಗುತ್ತಿದ್ದೇವೆ ಅನ್ನಿಸಿತು. ಕೊನೆಯ ನಿಲ್ದಾಣ ಲೆಸಾಮಾ. ಅಥ್ಲೆಟಿಕ್‌ನ ಅಕಾಡೆಮಿ 1971ರಿಂದ ಇಲ್ಲೇ ಇದೆ.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ದೊಡ್ಡ ಬಿಳಿ ಕಮಾನು. ಅಥ್ಲೆಟಿಕ್‌ನ ಹಳೇ ಸಾನ್ ಮಾಮೆಸ್ ಕ್ರೀಡಾಂಗಣದ ಮೇಲೆ 1953ರಲ್ಲಿ ಕಟ್ಟಿದ್ದ ಕಮಾನು ಅದು. ಕ್ರೀಡಾಂಗಣ ಒಡೆದಾಗ ಇದನ್ನು ಗುಜರಿಗೆ ಹಾಕಲಿಲ್ಲ, ತಂದು ಹುಡುಗರು ಆಡುವ ಜಾಗದಲ್ಲಿ ನಿಲ್ಲಿಸಿದರು. ಅಜ್ಜಂದಿರು ತಲೆಯೆತ್ತಿ ನೋಡುತ್ತಿದ್ದ ಕಮಾನಿನ ಕೆಳಗೆ ಈಗ ಮೊಮ್ಮಕ್ಕಳ ಆಟ. ಇಷ್ಟು ದೂರ ಬಂದದ್ದಕ್ಕೆ ಇದೊಂದೇ ಸಾಕು ಅನ್ನಿಸಿತು ನನಗೆ.

ಹುಡುಗರ ಪಂದ್ಯ ನಡೆಯುತ್ತಿತ್ತು. ಬೇಲಿ ಪಕ್ಕ ಒಬ್ಬ ಅಜ್ಜ, ಜೊತೆಗೆ ಇಂಗ್ಲಿಷ್ ಬರುವ ಮೊಮ್ಮಗಳು. ನಾವು ಭಾರತದವರು ಅಂತ ಗೊತ್ತಾದ ಮೇಲೆ ಅಜ್ಜ ಮಾತು ನಿಲ್ಲಿಸಲೇ ಇಲ್ಲ. ಇಲ್ಲಿ ಸೇರುವ ಚಿಕ್ಕ ಮಕ್ಕಳಿಗೆ ಹತ್ತು ವರ್ಷದ ಆಸುಪಾಸು. ಅದಕ್ಕೂ ಮೊದಲು ತಮ್ಮ ಊರಿನ ಕ್ಲಬ್‌ನಲ್ಲಿ ಆಡಿರುತ್ತಾರೆ. ಅಂಥ ನೂರಕ್ಕೂ ಹೆಚ್ಚು ಊರ ಕ್ಲಬ್‌ಗಳ ಜೊತೆ ಅಥ್ಲೆಟಿಕ್‌ಗೆ ಒಪ್ಪಂದ ಇದೆ. "ಒಂದು ದಿನ ನೋಡಿದ್ರೆ ಏನು ಗೊತ್ತಾಗುತ್ತೆ? ಹುಡುಗ ಗೆದ್ದಾಗ ನೋಡಬೇಕು, ಸೋತಾಗ ನೋಡಬೇಕು, ಬೆಂಚಿನ ಮೇಲೆ ಕೂರಿಸಿದಾಗ ಏನು ಮಾಡ್ತಾನೆ ನೋಡಬೇಕು" ಅಂದರು ಅಜ್ಜ. ನಮ್ಮ ಇಪ್ಪತ್ತು ನಿಮಿಷ ನೆನಪಾಯಿತು. ನಾನು ಹುಡುಗನ ಮುಖ ನೋಡಲಿಲ್ಲ.

ಯುವ ತಂಡಗಳಿಗೆ ಸ್ಪ್ಯಾನಿಷ್‌ನಲ್ಲಿ 'ಕಾಂತೆರಾ' ಅನ್ನುತ್ತಾರೆ. ಅಂದರೆ ಕಲ್ಲು ಕ್ವಾರಿ. ಇಲ್ಲಿಂದ ವಯಸ್ಸಿನ ಪ್ರಕಾರ ಒಂದೊಂದೇ ತಂಡ ಏರಿ, ಹದಿಹರೆಯ ದಾಟುವ ಹೊತ್ತಿಗೆ ಬಾಸ್ಕೋನಿಯಾ ಅನ್ನುವ ಜೊತೆ ಕ್ಲಬ್, ಆಮೇಲೆ ಎರಡನೇ ತಂಡವಾದ ಬಿಲ್ಬಾವೊ ಅಥ್ಲೆಟಿಕ್, ಕೊನೆಗೆ ದೊಡ್ಡ ತಂಡ. ನಡುವೆ ಪ್ರತಿ ವರ್ಷ ಕೆಲವರನ್ನು ಬಿಡುತ್ತಾರೆ. ಅದನ್ನು ಮುಚ್ಚಿಡಬಾರದು. ಇಲ್ಲೂ ಮಕ್ಕಳು ಅಳುತ್ತಾ ಮನೆಗೆ ಹೋಗುತ್ತಾರೆ.

ಮೈದಾನದಲ್ಲಿ ಒಂದೇ ವಯಸ್ಸಿನ ಗುಂಪಿನಲ್ಲಿ ಒಬ್ಬ ನನ್ನ ಭುಜದಷ್ಟು, ಇನ್ನೊಬ್ಬ ಹೊಟ್ಟೆಯಷ್ಟು ಎತ್ತರ. ಸ್ಪೇನಿನಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ತಂಡ. ಹತ್ತನೇ ವಯಸ್ಸಿಗೆ ಹನ್ನೊಂದು ತಿಂಗಳು ಅಂದರೆ ಕಡಿಮೆಯೇ? ಯುರೋಪಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ, ಕೊನೆಯ ಮೂರು ತಿಂಗಳಿನವರು ಕಡಿಮೆ. ಮೊದಲು ಬೆಳೆದವನು ಜಾಣನಾಗಿ ಕಾಣುತ್ತಾನೆ. ಅವನಿಗೆ ಒಳ್ಳೆಯ ಕೋಚ್, ಒಳ್ಳೆಯ ಪಂದ್ಯ ಸಿಗುತ್ತದೆ, ನಿಜವಾಗಿಯೂ ಜಾಣನಾಗುತ್ತಾನೆ. ನಮ್ಮ ಹುಡುಗ ಹುಟ್ಟಿದ್ದು ಡಿಸೆಂಬರ್ 19ಕ್ಕೆ. ಇದನ್ನು ಅವನಿಗೆ ಅಲ್ಲೇ ಬೇಲಿ ಹಿಡಿದು ನಿಂತು ಹೇಳಿದೆ. "ಅಂದ್ರೆ ನನ್ನ ತಪ್ಪಲ್ವಾ ಮಾವ?" ಅಂದ. ಅಲ್ಲ ಕಣೋ ಅಂದೆ.

ಆಗ ಅಜ್ಜ ಅಥ್ಲೆಟಿಕ್‌ಗೆ ಆಡಿದ ಅದುರಿಸ್‌ನ ಕಥೆ ತೆಗೆದರು. ಅರಿಟ್ಸ್ ಅದುರಿಸ್ ಇಲ್ಲಿಗೆ ಬಂದದ್ದೇ 19ನೇ ವಯಸ್ಸಿಗೆ, 2000ದಲ್ಲಿ. 2003ರಲ್ಲಿ ಬೇಡ ಅಂದು ಬಿಟ್ಟರು. ಸಣ್ಣ ತಂಡಗಳಲ್ಲಿ ಆಡಿ ಮತ್ತೆ ಬಂದ. 2008ರಲ್ಲಿ ಮತ್ತೆ ಮಾರಿದರು. 2012ರಲ್ಲಿ, 31 ತುಂಬಿದ ಮೇಲೆ, ಮೂರನೇ ಸಲ ಕರೆಸಿಕೊಂಡರು. 2016ರ ನವೆಂಬರ್‌ನಲ್ಲಿ ಬೆಲ್ಜಿಯಂನ ಗೆಂಕ್ ವಿರುದ್ಧ ಯುರೋಪಿನ ಕ್ಲಬ್‌ಗಳ ಯುರೋಪಾ ಲೀಗ್ ಪಂದ್ಯದಲ್ಲಿ ಒಬ್ಬನೇ ಐದು ಗೋಲು ಹೊಡೆದ. ಆಗ ವಯಸ್ಸು 35. ಹುಡುಗರು ಕಡಿಮೆ ಇರುವ ನಾಡು ಎರಡು ಸಲ ಬಿಟ್ಟವನನ್ನೂ ಮರೆತು ಕೂರುವಂತಿಲ್ಲ. ಲೆಸಾಮಾದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಹುಲ್ಲು, ಜಿಮ್, ಕಟ್ಟಡ ದುಡ್ಡಿದ್ದರೆ ಎಲ್ಲಾದರೂ ಬಂದೀತು.

ಅಥ್ಲೆಟಿಕ್ ಆಟಗಾರರಾದ ವಿಲಿಯಮ್ಸ್ ಅಣ್ಣತಮ್ಮಂದಿರ ಹೆಸರು ಬಂದಾಗ ಮೊಮ್ಮಗಳೇ ಶುರು ಹಚ್ಚಿದಳು. ಅಪ್ಪ ಅಮ್ಮ ಘಾನಾದಿಂದ ಹೊರಟು ಸಹಾರಾ ಮರುಭೂಮಿ ದಾಟಿ ಬಂದವರು. ಇನ್ಯಾಕಿ ಹುಟ್ಟಿದ್ದು ಬಿಲ್ಬಾವೊದಲ್ಲಿ, ನಿಕೊ ಪಾಂಪ್ಲೋನಾದಲ್ಲಿ. ಇಬ್ಬರೂ ಲೆಸಾಮಾದಲ್ಲಿ ತಯಾರಾದವರು. 2024ರ ಏಪ್ರಿಲ್‌ನಲ್ಲಿ, 40 ವರ್ಷದ ಮೇಲೆ, ಸ್ಪೇನಿನ ಕ್ಲಬ್‌ಗಳು ಆಡುವ ಕೋಪಾ ದೆಲ್ ರೇ ಕಪ್ ಬಿಲ್ಬಾವೊಗೆ ಬಂದಾಗ ಆ ತಂಡದಲ್ಲಿ ಇಬ್ಬರೂ ಇದ್ದರು. ಕಪ್ಪನ್ನು ಗಬಾರ್ರಾ ಅನ್ನುವ ದೋಣಿಯಲ್ಲಿಟ್ಟು ಊರಿನ ಹೊಳೆಯಲ್ಲಿ ಮೆರವಣಿಗೆ ಮಾಡಿದರು. ಅವತ್ತು ಅಜ್ಜ ಅತ್ತರಂತೆ. ಹೇಳುವಾಗಲೂ ಕಣ್ಣು ಒರೆಸಿಕೊಂಡರು.

ಮರುದಿನ ಬಸ್ಸಿನಲ್ಲಿ ಸಾನ್ ಸೆಬಾಸ್ಟಿಯನ್‌ಗೆ. ದಾರಿ ಒಂದು ಗಂಟೆಗಿಂತ ತುಸು ಹೆಚ್ಚು. ಅಲ್ಲಿನ ಕ್ಲಬ್ ರಿಯಲ್ ಸೊಸಿಡಾಡ್. ಇವರೂ 1989ರವರೆಗೆ ಬಹಳ ಕಾಲ ಬಾಸ್ಕ್ ಹುಡುಗರನ್ನೇ ನೆಚ್ಚಿಕೊಂಡಿದ್ದರು. ಆದರೆ ನಾನು ನೋಡಬೇಕೆಂದಿದ್ದು ಕ್ಲಬ್ಬನ್ನಲ್ಲ, ಲಾ ಕೊಂಚಾ ಕಡಲ ದಂಡೆಯನ್ನು. ಇಳಿತದ ಹೊತ್ತಿಗೆ ಗಟ್ಟಿಯಾದ ಒದ್ದೆ ಮರಳು ತೆರೆದುಕೊಳ್ಳುತ್ತದೆ. ಶಾಲೆ ಮಕ್ಕಳ ಫುಟ್‌ಬಾಲ್ ಪಂದ್ಯಗಳಿಗೆ ಇಲ್ಲಿ ಗಡಿಯಾರಕ್ಕಿಂತ ಕಡಲಿನ ಏರಿಳಿತ ಮುಖ್ಯ. ಪಕ್ಕದ ಆಂಟಿಗುವೊ ಬಡಾವಣೆಯ ಆಂಟಿಗುವೊಕೊ ಅನ್ನುವ ಹುಡುಗರ ಕ್ಲಬ್‌ನಿಂದ ಬಂದವರು ಆಮೇಲೆ ಹೆಸರು ಮಾಡಿದ ಆಟಗಾರರಾದ ಕ್ಸಾಬಿ ಅಲೊನ್ಸೊ, ಮಿಕೆಲ್ ಅರ್ಟೆಟಾ, ಅಂಡೋನಿ ಇರಾವೊಲಾ. ಅದೇ ಅದುರಿಸ್ ಕೂಡ.

ದಂಡೆಯ ಕಟ್ಟೆ ಮೇಲೆ ಕೂತು ಹುಡುಗನಿಗೆ ಫುಟ್‌ಬಾಲ್ ಆಟಗಾರ ಗ್ರೀಝ್‌ಮನ್ ಬಗ್ಗೆ ಹೇಳಿದೆ. ಫ್ರಾನ್ಸಿನ ಮಾಕೋನ್‌ನವನು. ಗಿಡ್ಡ ಅಂತ ಅವನ ದೇಶದ ಕ್ಲಬ್‌ಗಳೇ ಬೇಡ ಅಂದವು. 2005ರಲ್ಲಿ ಪ್ಯಾರಿಸ್‌ನಲ್ಲಿ ಅವನ ಆಟ ನೋಡಿದ್ದು ರಿಯಲ್ ಸೊಸಿಡಾಡ್‌ನ ಸ್ಕೌಟ್, ಅಂದರೆ ಕ್ಲಬ್‌ಗೆ ಹುಡುಗರನ್ನು ಹುಡುಕುವವನು. 14ನೇ ವಯಸ್ಸಿಗೆ ಮನೆ ಬಿಟ್ಟು ಬಯಾನ್‌ನಲ್ಲಿ ಆ ಸ್ಕೌಟ್ ಮನೆಯಲ್ಲೇ ಇದ್ದು, ಹಗಲು ಫ್ರಾನ್ಸಿನಲ್ಲಿ ಶಾಲೆ, ಸಂಜೆ ಗಡಿ ದಾಟಿ ಈ ಊರಲ್ಲಿ ಅಭ್ಯಾಸ. 2018ರಲ್ಲಿ ವಿಶ್ವಕಪ್ ಎತ್ತಿದ.

ಹುಡುಗ ಏನೂ ಮಾತಾಡಲಿಲ್ಲ. ಕೆಳಗೆ ಏಳೆಂಟು ಮಕ್ಕಳು ಬ್ಯಾಗುಗಳನ್ನೇ ಗೋಲ್ ಕಂಬ ಮಾಡಿಕೊಂಡು ಆಡುತ್ತಿದ್ದರು. ಚೆಂಡು ನಮ್ಮ ಕಡೆ ಉರುಳಿ ಬಂತು. ಇವನು ಕೆಳಗೆ ಜಿಗಿದು ಎಡಗಾಲಲ್ಲಿ ನಿಲ್ಲಿಸಿ ವಾಪಸ್ ಕೊಟ್ಟ. ಅವರಲ್ಲೊಬ್ಬಳು ಹುಡುಗಿ ಕೈ ಬೀಸಿ ಕರೆದಳು. ಶೂ ಬಿಚ್ಚಿ ನನ್ನ ಕೈಗೆ ಕೊಟ್ಟು ಓಡಿದ. ಭಾಷೆ ಬಾರದು, ಆದರೂ ಐದು ನಿಮಿಷದಲ್ಲಿ ಎಲ್ಲರೂ ಅವನಿಗೇ ಪಾಸ್ ಕೊಡುತ್ತಿದ್ದರು. ನೀರು ಏರುತ್ತಾ ಬಂತು. ಮಕ್ಕಳು ಬ್ಯಾಗುಗಳನ್ನು ಎತ್ತಿ ಹತ್ತು ಹೆಜ್ಜೆ ಮೇಲಿಟ್ಟರು. ಮತ್ತೆ ಏರಿತು, ಮತ್ತೆ ಮೇಲಿಟ್ಟರು. ಮೂರನೇ ಸಲ ಬ್ಯಾಗು ಎತ್ತಿಟ್ಟದ್ದು ಇವನೇ.