ಮೂರು ವಾಲ್ವ್, ಐದು ವ್ಯಾಟ್

ಗಿಟಾರ್ ನುಡಿಸುವವರಲ್ಲಿ ಅನೇಕರಿಗೆ ಗಾಜಿನ ಕೊಳವೆಗಳಿಂದ (ಇವೇ ವಾಲ್ವ್) ಸದ್ದು ಹಿಗ್ಗಿಸುವ ಹಳೆಯ ಬಗೆಯ ವಾಲ್ವ್ ಆಂಪ್ಲಿಫೈಯರ್ ಎಂದರೆ ಭಕ್ತಿ. ನನಗೆ ಅದಿಲ್ಲ. ನಾನೇ ಜೋಡಿಸಬೇಕಾದ ಕಿಟ್ ತರಿಸಿದ್ದು ಬೇರೆ ಆಸೆಗೆ: ಇಡೀ ಸರ್ಕ್ಯೂಟನ್ನು ಒಂದೇ ಹಾಳೆಯಲ್ಲಿ ಬರೆದು, ಯಾವ ಬಿಡಿಭಾಗ ಏತಕ್ಕಿದೆ ಎಂದು ಬೆರಳಿಟ್ಟು ಹೇಳಬಹುದಾದ ಒಂದು ಯಂತ್ರವಾದರೂ ಮನೆಯಲ್ಲಿ ಇರಲಿ ಎಂದು.

ಆರಿಸಿಕೊಂಡದ್ದು 1950ರ ದಶಕದ ಫೆಂಡರ್ ಚಾಂಪ್, 5ಎಫ್1 ಎಂಬ ವಿನ್ಯಾಸ. ಅದರಲ್ಲಿ ಮೂರೇ ವಾಲ್ವ್: ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸಲು 12ಎಎಕ್ಸ್7, ಸ್ಪೀಕರನ್ನು ಅಲುಗಿಸಲು 6ವಿ6, ಎಸಿಯನ್ನು ಡಿಸಿ ಮಾಡಲು 5ವೈ3. ತಿರುಗಿಸಲು ವಾಲ್ಯೂಮ್ ಗುಂಡಿ ಒಂದೇ. ಬಾಸ್, ಟ್ರೆಬಲ್ ಎಂಬ ಉಪಚಾರವಿಲ್ಲ. ನಮ್ಮವರು ತರಿಸುವಾಗ ನೋಡಬೇಕಾದದ್ದು ಟ್ರಾನ್ಸ್‌ಫಾರ್ಮರ್. ಅಮೆರಿಕದ 120 ವೋಲ್ಟ್ ಬೇಡ, 240 ವೋಲ್ಟ್‌ನದು ಬೇಕು ಎಂದು ಮೊದಲೇ ಬರೆದು ತಿಳಿಸಬೇಕು.

ಬೆಸುಗೆ ಹಾಕುವುದು ಎಲ್ಲರೂ ಹೆದರಿಸುವಷ್ಟು ಕಷ್ಟವಲ್ಲ. ತಾಳ್ಮೆ ಬೇಡುವುದು ವಾಲ್ವ್‌ಗಳನ್ನು ಒಳಗಿನಿಂದ ಕಾಯಿಸುವ ಹೀಟರ್ ತಂತಿಗಳು. ಅವುಗಳಲ್ಲಿ ಹರಿಯುವುದು 6.3 ವೋಲ್ಟ್ ಎಸಿ. ಎರಡನ್ನೂ ಜಡೆಯಂತೆ ಬಿಗಿಯಾಗಿ ಹೆಣೆದು, ಷಾಸಿಯ, ಅಂದರೆ ಲೋಹದ ತಳಪೆಟ್ಟಿಗೆಯ, ಮೂಲೆಗೆ ಒತ್ತಿ ಒಯ್ಯದಿದ್ದರೆ ಸ್ಪೀಕರಿನಲ್ಲಿ ಸದಾ ಗುಂಯ್‌ಗುಡುವ ಸದ್ದು. ಉಳಿದದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ, ಹಾಗಾಗಿ ಇದೇ ಮೊದಲ ಕೆಲಸ.

ಹೆದರಲೇಬೇಕಾದದ್ದು ಕೆಪಾಸಿಟರ್‌ಗಳಿಗೆ. ಪ್ಲಗ್ ಕಿತ್ತ ಮೇಲೂ ಅವು ಮುನ್ನೂರಕ್ಕೂ ಹೆಚ್ಚು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಬೆರಳು. ಚಾಲೂ ಇರುವಾಗ ಅಳೆಯಬೇಕಾದರೆ, ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಕರೆಂಟ್ ಹರಿಯದಂತೆ ಎಡಗೈ ಜೇಬಿನಲ್ಲಿರಬೇಕು. ಮೊದಲ ಸಲ ಕರೆಂಟ್ ಕೊಡುವಾಗ ಸರಣಿಯಲ್ಲಿ ಒಂದು ತಂತಿ ಬಲ್ಬು ಇಟ್ಟುಕೊಂಡಿದ್ದೆ: ಒಳಗೆಲ್ಲೋ ಶಾರ್ಟ್ ಇದ್ದರೆ ಟ್ರಾನ್ಸ್‌ಫಾರ್ಮರ್ ಸುಡುವ ಬದಲು ಬಲ್ಬು ಝಗ್ಗೆಂದು ಉರಿಯುತ್ತದೆ. ಎಲ್ಇಡಿ ಬಲ್ಬು ಇದಕ್ಕೆ ಆಗದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆ ಬಲ್ಬಿಗಾಗಿ ಅಲೆದಷ್ಟು ಬೇರೆ ಯಾವ ವಸ್ತುವಿಗೂ ಅಲೆಯಲಿಲ್ಲ.

ಬಲ್ಬು ಮಂದವಾಗಿಯೇ ಇತ್ತು. ಅದನ್ನು ತೆಗೆದು ನೇರ ಕರೆಂಟ್ ಕೊಟ್ಟು ವಾಲ್ವ್‌ಗಳು ಕಾದದ್ದೇ ತಡ, ಗಿಟಾರ್ ಜೋಡಿಸುವ ಮೊದಲೇ ಆಂಪ್ಲಿಫೈಯರ್ ಕಿವಿ ಸೀಳುವಂತೆ ಕೂಗಿತು. ಕೂಡಲೇ ಆರಿಸಿದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದೇ. ಸ್ಪೀಕರಿನ ಸಂಕೇತದ ಒಂದು ಚೂರನ್ನು 22 ಕಿಲೋ ಓಮ್ ರೆಸಿಸ್ಟರಿನ ಮೂಲಕ ಹಿಂದಿನ ಹಂತಕ್ಕೆ ತಿರುಗಿ ಕಳಿಸುತ್ತಾರೆ. ಅದು ವಿರುದ್ಧ ದಿಕ್ಕಿನಲ್ಲಿ ಬಂದರೆ ನಾದವನ್ನು ಹದ್ದುಬಸ್ತಿನಲ್ಲಿಡುತ್ತದೆ. ಅದೇ ದಿಕ್ಕಿನಲ್ಲಿ ಬಂದರೆ ಆಂಪ್ಲಿಫೈಯರ್ ತನ್ನನ್ನು ತಾನೇ ಹುರಿದುಂಬಿಸಿಕೊಂಡು ಅರಚುತ್ತದೆ. 6ವಿ6ಗೂ ಸ್ಪೀಕರಿಗೂ ನಡುವೆ ಕೂರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಯಾವ ತುದಿ ಯಾವ ಕಡೆಗೆ ಎಂಬುದು ತಂತಿಯ ಬಣ್ಣದಿಂದ ಯಾವಾಗಲೂ ಖಚಿತವಾಗುವುದಿಲ್ಲ. ಅದರ ಪ್ರೈಮರಿಯ, ಅಂದರೆ ವಾಲ್ವ್ ಕಡೆಯ ಸುರುಳಿಯ, ಎರಡು ತಂತಿಗಳನ್ನು ಅದಲು ಬದಲು ಮಾಡಿದೆ. ಅರಚಾಟ ನಿಂತಿತು.

ನಂತರ 6ವಿ6ನ ಕ್ಯಾಥೋಡ್ (ಎಲೆಕ್ಟ್ರಾನ್‌ಗಳು ಹೊರಡುವ ತುದಿ) ಅಳೆದೆ: 470 ಓಮ್ ರೆಸಿಸ್ಟರಿನ ಮೇಲೆ 19 ವೋಲ್ಟ್, ಅಂದರೆ ಸುಮಾರು 40 ಮಿಲಿಆಂಪಿಯರ್. ಪ್ಲೇಟ್ (ಅವು ಬಂದು ಸೇರುವ ತುದಿ) ಮತ್ತು ಕ್ಯಾಥೋಡ್ ನಡುವೆ 300 ವೋಲ್ಟ್. ಗುಣಿಸಿದರೆ 12 ವ್ಯಾಟ್. ಹಳೆಯ ಡೇಟಾ ಹಾಳೆಗಳು ಈ ವಾಲ್ವಿಗೆ ಕೊಡುವ ಮಿತಿಯೂ ಅದೇ. ಅದರಲ್ಲಿ ಸ್ಪೀಕರಿಗೆ ತಲುಪುವುದು ಐದು ವ್ಯಾಟ್, ಮಿಕ್ಕದ್ದು ಬಿಸಿ.

ಐದು ವ್ಯಾಟ್ ಎಂದು ನಗಬೇಡಿ, ಅಪಾರ್ಟ್‌ಮೆಂಟಿನಲ್ಲಿ ಅದೇ ಹೆಚ್ಚು. ಗುಂಡಿ ಅರ್ಧ ದಾಟಿದರೆ ಸ್ವರದ ಅಂಚು ಒರಟಾಗಿ, ಮೀಟಿದ ತಂತಿಯ ಸದ್ದು ತಟ್ಟನೆ ಕುಸಿಯದೆ ನಿಲ್ಲುತ್ತದೆ. ಮೋಹನದ ಗಮಕಗಳನ್ನು ಎಳೆಯುವ ನನಗೆ ಲಾಭವಾದದ್ದು ಇಲ್ಲಿ: ಗಾಂಧಾರವನ್ನು ಜಾರಿಸುತ್ತಾ ಹೋದರೂ ಕೊನೆಯವರೆಗೆ ಅದು ಕೇಳಿಸುತ್ತದೆ.

ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅಲ್ಲಿಯದೇ ಒಂದು ಇಸಿಸಿ83, ಅಂದರೆ ಇದೇ 12ಎಎಕ್ಸ್7ನ ಯುರೋಪಿನ ಹೆಸರು, ಪರಿಚಿತರ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಾಕಿ ನೋಡಿದೆ. ನಾದದಲ್ಲಿ ವ್ಯತ್ಯಾಸ ನನ್ನ ಕಿವಿಗೆ ಕೇಳಿಸಲಿಲ್ಲ, ಆದರೂ ಅದನ್ನೇ ಉಳಿಸಿಕೊಂಡಿದ್ದೇನೆ. ಕಿಟ್‌ನ ವಾಲ್ವ್ ಡಬ್ಬಿ ಸೇರಿದೆ.