ಜಿನ್ ಆರಿಸುವ ಮುನ್ನ ಟಾನಿಕ್ ಆರಿಸಿ: ಹುಬ್ಬಳ್ಳಿಯ ಬಾರ್ ಕೌಂಟರಿನ ಅನುಭವ

ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಬಾರ್ ವಿಭಾಗವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ವ್ಯಾಪಾರದ ಬಹುಪಾಲು ಇಂದಿಗೂ ವಿಸ್ಕಿ, ರಮ್ ಮತ್ತು ಬಿಯರಿನದೇ. ಆದರೆ ಗೋವಾಕ್ಕೆ ಹೋಗಿ ಬಂದವರು, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದವರು ಜಿನ್ ಕೇಳತೊಡಗಿದ ಮೇಲೆ, ಯಾವ ಜಿನ್ ಇಡಬೇಕು, ಅದಕ್ಕೆ ಬೆರೆಸುವ ಟಾನಿಕ್, ಅಂದರೆ ಸಿಹಿ-ಕಹಿ ರುಚಿಯ, ಗ್ಯಾಸ್ ತುಂಬಿದ ಪಾನೀಯ, ಯಾವುದನ್ನು ಕೊಡಬೇಕು ಎಂಬುದನ್ನು ನಾವೂ ಕೂತು ಯೋಚಿಸಬೇಕಾಯಿತು. ಆ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿಯೆಂದರೆ, ಗ್ಲಾಸಿನಲ್ಲಿ ಮೂರನೇ ಎರಡು ಪಾಲಿಗಿಂತ ಕಡಿಮೆಯಿಲ್ಲದಂತೆ ತುಂಬಿರುವುದು ಟಾನಿಕ್ ಆದ್ದರಿಂದ, ಆಯ್ಕೆಯನ್ನು ಅಲ್ಲಿಂದಲೇ ಆರಂಭಿಸಬೇಕು. ದುಬಾರಿ ಜಿನ್ನಿಗೆ ಗ್ಯಾಸ್ ಹೋದ ಟಾನಿಕ್ ಬೆರೆಸುವುದಕ್ಕಿಂತ, ಸಾಧಾರಣ ಬೆಲೆಯ ಜಿನ್ನಿಗೆ ಆಗಷ್ಟೇ ಮುಚ್ಚಳ ತೆಗೆದ ತಣ್ಣನೆಯ ಟಾನಿಕ್ ಹಾಕುವುದು ಎಷ್ಟೋ ಮೇಲು.

ಮೊದಲು ಅಳತೆಯ ವಿಷಯ. ನಮ್ಮ ಭಾಗದ ರೂಢಿಯಂತೆ ಗಿರಾಕಿ 30 ಮಿ.ಲೀ. ಪೆಗ್ ಹೇಳುತ್ತಾರೆ, ಜೊತೆಗೆ 300 ಮಿ.ಲೀ. ಟಾನಿಕ್ ಕ್ಯಾನ್ ತರಿಸಿಕೊಳ್ಳುತ್ತಾರೆ, ದುಡ್ಡು ಕೊಟ್ಟದ್ದನ್ನು ಉಳಿಸುವುದೇಕೆಂದು ಪೂರ್ತಿ ಸುರಿದುಕೊಳ್ಳುತ್ತಾರೆ. ಭಾರತದಲ್ಲಿ ಮಾರುವ ಜಿನ್ ಸಾಮಾನ್ಯವಾಗಿ ಶೇ. 42.8 ಮದ್ಯಸಾರದ್ದು, ಈ ಅಳತೆಯಲ್ಲಿ ಬೆರೆಸಿದರೆ ಗ್ಲಾಸಿನಲ್ಲಿ ಉಳಿಯುವುದು ಶೇ. 4ರಷ್ಟು, ಅಂದರೆ ಸ್ಟ್ರಾಂಗ್ ಬಿಯರಿಗಿಂತಲೂ ಕಡಿಮೆ. ಅನಂತರ ‘ಇದರಾಗ ಜಿನ್ ಐತೋ ಇಲ್ಲೋ’ ಎಂದು ಅವರು ಕೇಳಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ಪಾಲು ಜಿನ್ನಿಗೆ ಎರಡರಿಂದ ಮೂರು ಪಾಲು ಟಾನಿಕ್ ಎಂಬುದು ಸರಿಯಾದ ಲೆಕ್ಕ. 60 ಮಿ.ಲೀ. ಜಿನ್ನಿಗೆ 120 ಮಿ.ಲೀ. ಟಾನಿಕ್ ಸೇರಿಸಿದರೆ ಮದ್ಯಸಾರ ಶೇ. 14ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಜಿನ್ನಿನ ಪರಿಮಳವೂ ಮೂಗಿಗೆ ತಲುಪುತ್ತದೆ. ಈ ಕಾರಣಕ್ಕಾಗಿ ನಾನು 30 ಮಿ.ಲೀ. ಕೇಳಿದವರಿಗೆ 200 ಮಿ.ಲೀ. ಟಾನಿಕ್ ಬಾಟಲಿಯನ್ನು ಇಬ್ಬರ ನಡುವೆ ಹಂಚಿ ಕೊಡುವಂತೆ ಹುಡುಗರಿಗೆ ಹೇಳಿದ್ದೇನೆ.

ಟಾನಿಕ್ ಪರೀಕ್ಷಿಸುವಾಗ ಅದರಲ್ಲಿ ಜಿನ್ ಬೆರೆಸಬಾರದು. ಬರಿದಾಗಿಯೇ ಕುಡಿದು ನೋಡಬೇಕು. ನಾಲಿಗೆಗೆ ಮೊದಲು ಸಿಹಿ ಬಂದು, ಕಹಿ ತಡವಾಗಿ ಬಂದು, ಆ ಕಹಿ ಗಂಟಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಕಹಿ ಬರುವ ಮೊದಲೇ ಸಿಹಿ ಇಡೀ ಬಾಯನ್ನು ಆವರಿಸಿಬಿಟ್ಟರೆ, ಆ ಟಾನಿಕ್ ಯಾವ ಜಿನ್ನನ್ನಾದರೂ ಶರಬತ್ತು ಮಾಡುತ್ತದೆ. ಸಾಧಾರಣ ಟಾನಿಕ್ಕುಗಳಲ್ಲಿ 100 ಮಿ.ಲೀ.ಗೆ 7ರಿಂದ 9 ಗ್ರಾಂ ಸಕ್ಕರೆ ಇರುತ್ತದೆ. ‘ಲೈಟ್’ ಎಂದು ಬರೆದವುಗಳಲ್ಲಿ ಇದಕ್ಕಿಂತ ಕಡಿಮೆ. ಲೇಬಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಅರ್ಧ ಆಯ್ಕೆ ಮುಗಿದಂತೆಯೇ. ಎಲ್ಲ ಕಡೆಯೂ ಸುಲಭವಾಗಿ ಸಿಗುವ ಶ್ವೆಪ್ಸ್ ಸಿಹಿಯ ಕಡೆಗೆ ವಾಲುತ್ತದೆ. ಸ್ವಾಮಿ, ಸೆಪಾಯ್ ಆ್ಯಂಡ್ ಕೋ ಮೊದಲಾದ ದೇಶೀಯ ಹೆಸರುಗಳು ಬಂದ ಮೇಲೆ ನಮಗೆ ಆಯ್ಕೆಯ ಅವಕಾಶ ಹೆಚ್ಚಿದೆ, ಬೆಲೆಯೂ ಹೆಚ್ಚಿದೆ. ಎರಡು ಲೀಟರಿನ ದೊಡ್ಡ ಬಾಟಲಿ ಲೆಕ್ಕದಲ್ಲಿ ಅಗ್ಗ ಎನ್ನಿಸಿದರೂ ಅದನ್ನು ನಾನು ತರಿಸುವುದಿಲ್ಲ, ಏಕೆಂದರೆ ಮುಚ್ಚಳ ತೆರೆದು ಎರಡನೆಯ ಗಿರಾಕಿಯ ಹೊತ್ತಿಗೇ ಅದರ ಗ್ಯಾಸ್ ಇಳಿದಿರುತ್ತದೆ.

ಟಾನಿಕ್ಕಿನ ಕಹಿ ಸಿಂಕೋನಾ ಮರದ ತೊಗಟೆಯಿಂದ ಬರುವ ಕ್ವಿನೈನಿನದು. ಮಲೇರಿಯಾಕ್ಕೆ ಮದ್ದಾಗಿ ಬ್ರಿಟಿಷರು ಇದನ್ನು ಇಲ್ಲಿ ಸೇವಿಸುತ್ತಿದ್ದರು, ನೀಲಗಿರಿಯಲ್ಲಿ ಸಿಂಕೋನಾ ತೋಟಗಳನ್ನೂ ಬೆಳೆಸಿದರು; ಗ್ಯಾಸ್ ತುಂಬಿದ ಟಾನಿಕ್ಕಿಗೆ ಲಂಡನ್ನಿನಲ್ಲಿ ಎರಾಸ್ಮಸ್ ಬಾಂಡ್ ಎಂಬವರು ಪೇಟೆಂಟ್ ಪಡೆದದ್ದು 1858ರಲ್ಲಿ. ಈ ಕಥೆಯನ್ನು ಅರ್ಧ ಕೇಳಿಸಿಕೊಂಡ ನಮ್ಮ ವೇಟರ್ ಒಬ್ಬ, ‘ಸಾಹೇಬ್ರ, ಇದನ್ನ ಕುಡದ್ರ ಮಲೇರಿಯಾ ಬರೂದಿಲ್ರಿ’ ಎಂದು ಗಿರಾಕಿಗಳಿಗೆ ಹೇಳಿ ಮಾರುತ್ತಿದ್ದ. ಅದನ್ನು ನಿಲ್ಲಿಸಬೇಕಾಯಿತು. ಅಮೆರಿಕದ ನಿಯಮದ ಪ್ರಕಾರ ಟಾನಿಕ್ಕಿನಲ್ಲಿ ಕ್ವಿನೈನ್ 83 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 83 ಪಾಲು) ಮೀರುವಂತಿಲ್ಲ. ಆ ಗರಿಷ್ಠ ಪ್ರಮಾಣದಲ್ಲಿಯೂ 200 ಮಿ.ಲೀ. ಬಾಟಲಿಯಲ್ಲಿ ಇರುವುದು ಸುಮಾರು 17 ಮಿಲಿಗ್ರಾಂ, ಚಿಕಿತ್ಸೆಗಾದರೋ ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕು. ಹಾಗೆಯೇ ಕ್ವಿನೈನ್ ಆಗದವರೂ ಇರುತ್ತಾರೆ. ಟಾನಿಕ್ಕಿನಲ್ಲಿ ಅದು ಇದೆಯೆಂದು ಕೇಳಿದವರಿಗೆ ಸ್ಪಷ್ಟವಾಗಿ ಹೇಳುವುದು ನಮ್ಮ ಜವಾಬ್ದಾರಿ.

ಇದೇ ಕ್ವಿನೈನಿನಿಂದ ನಮಗೊಂದು ಅನುಕೂಲವೂ ಆಗಿದೆ. ಗಡಿಬಿಡಿಯಲ್ಲಿ ಟಾನಿಕ್ಕಿನ ಬದಲು ಸೋಡಾ ಹೋಗುವುದು ಬಾರುಗಳಲ್ಲಿ ಸಾಮಾನ್ಯ. ಎರಡೂ ನೋಡುವುದಕ್ಕೆ ಒಂದೇ ತರಹ. ಕ್ಯಾಶ್ ಕೌಂಟರಿನಲ್ಲಿ ಖೋಟಾ ನೋಟು ಪರೀಕ್ಷಿಸಲು ಇಟ್ಟಿರುವ ನೇರಳಾತೀತ ದೀಪದ ಕೆಳಗೆ ಗ್ಲಾಸ್ ಹಿಡಿದರೆ ಟಾನಿಕ್ ತಿಳಿನೀಲಿಯಾಗಿ ಹೊಳೆಯುತ್ತದೆ, ಸೋಡಾ ಹೊಳೆಯುವುದಿಲ್ಲ. ಗಿರಾಕಿಯ ದೂರು ಬಂದಾಗ ವಾದಕ್ಕೆ ಇಳಿಯುವ ಬದಲು ಗ್ಲಾಸನ್ನು ಅಲ್ಲಿಗೆ ಒಯ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಇನ್ನು ಜಿನ್. ಜಿನ್ನಿಗೆ ಅದರ ಗುರುತು ಕೊಡುವ ಜುನಿಪರ್ ಎಂಬ ಗಿಡದ ಕಾಯಿಯ ಪರಿಮಳ ಮುಂದಾಗಿ ಬಾರದಿದ್ದರೆ ಅದು ವಾಸನೆ ಬೆರೆಸಿದ ವೋಡ್ಕಾ ಅಷ್ಟೇ ಎಂಬುದು ನನ್ನ ಅಭಿಪ್ರಾಯ. ಬಾಟಲಿಯ ಮೇಲೆ ‘ಲಂಡನ್ ಡ್ರೈ’ ಎಂದಿದ್ದರೆ ಅದು ಲಂಡನ್ನಿನಲ್ಲಿ ತಯಾರಾದದ್ದೆಂದು ಅರ್ಥವಲ್ಲ. ಪರಿಮಳವೆಲ್ಲ ಬಟ್ಟಿಯಿಳಿಸುವಾಗಲೇ ಬಂದಿದೆ, ಅನಂತರ ಬಣ್ಣ, ಸುವಾಸನೆ ಸೇರಿಸಿಲ್ಲ, ಸಿಹಿಯೂ ಇಲ್ಲವೆನ್ನುವಷ್ಟು ಕಡಿಮೆ ಎಂಬ ಭರವಸೆ ಅದರಲ್ಲಿದೆ. ಹೊಸ ಜಿನ್ ಬಂದಾಗ ನಾವು ಐಸ್ ಇಲ್ಲದೆ, ಅಷ್ಟೇ ಅಳತೆಯ ಕುಡಿಯುವ ನೀರು ಬೆರೆಸಿ ಮೂಸಿ ನೋಡುತ್ತೇವೆ. ತಂಪು ವಾಸನೆಯನ್ನು ಅಡಗಿಸುತ್ತದೆ, ಅಪ್ಪಟ ಮದ್ಯಸಾರ ಮೂಗನ್ನು ಸುಡುತ್ತದೆ. ನೀರು ಬೆರೆಸಿದಾಗ ಮಾತ್ರ ಜುನಿಪರ್ ಬೇರೆ, ಹವೀಜ (ಕೊತ್ತಂಬರಿ ಬೀಜ) ಬೇರೆ, ನಿಂಬೆ ಸಿಪ್ಪೆ ಬೇರೆ ಎಂದು ಗುರುತು ಹತ್ತುತ್ತದೆ. ಹವೀಜ ಹುರಿಯುವ ವಾಸನೆಯನ್ನು ಮನೆಯಲ್ಲಿ ದಿನವೂ ಮೂಸಿದ ನಮ್ಮ ಹುಡುಗರು ಇದನ್ನು ಬಹಳ ಬೇಗ ಕಲಿತರು. ಜುನಿಪರ್ ಪರಿಚಯಕ್ಕೆ ಮಾತ್ರ ಸಮಯ ಹಿಡಿಯಿತು.

ಹೀಗೆ ಎರಡನ್ನೂ ಬೇರೆ ಬೇರೆಯಾಗಿ ಅರಿತ ಮೇಲೆ ಜೋಡಿ ಮಾಡುವುದು ಕಷ್ಟವಲ್ಲ. ಬೀಫೀಟರ್, ಗಾರ್ಡನ್ಸ್, ಗೋವಾದ ಗ್ರೇಟರ್ ದ್ಯಾನ್ ಮೊದಲಾದ, ಜುನಿಪರ್ ಎದ್ದು ಕಾಣುವ ಜಿನ್ನುಗಳು ಮಾಮೂಲಿ ಸಿಹಿಯ ಟಾನಿಕ್ಕನ್ನು ತಾಳಿಕೊಳ್ಳುತ್ತವೆ. ಕರಿಮೆಣಸು, ಜಾಯಿಕಾಯಿ, ಜಾಪತ್ರೆ ಹಾಕಿ ಬಟ್ಟಿಯಿಳಿಸಿದ ಸ್ಟ್ರೇಂಜರ್ ಆ್ಯಂಡ್ ಸನ್ಸ್ ತರಹದವಕ್ಕೆ ಸಿಹಿ ಕಡಿಮೆಯಿರುವ ಟಾನಿಕ್ ಬೇಕು. ಇಲ್ಲವಾದರೆ ಮಸಾಲೆಗೆ ಸಕ್ಕರೆ ಕೂಡಿ ಕೆಮ್ಮಿನ ಔಷಧದ ರುಚಿ ಬರುತ್ತದೆ. ಹಿಮಾಲಯದ ಜುನಿಪರಿನಿಂದ ತಯಾರಾಗುವ ಹಪುಸಾದಲ್ಲಿ ಮಣ್ಣಿನ, ಅರಿಸಿನದ ಛಾಯೆಯಿದೆ. ಅದಕ್ಕೆ ಟಾನಿಕ್ ಸಮ ಪಾಲಿಗಿಂತ ತುಸು ಹೆಚ್ಚಿದ್ದರೆ ಸಾಕು ಎಂದು ನನಗನ್ನಿಸುತ್ತದೆ. ಸೌತೆ ಮತ್ತು ಗುಲಾಬಿಯ ಹೆಂಡ್ರಿಕ್ಸ್‌ಗೆ ಲೈಟ್ ಟಾನಿಕ್. ಹೂವಿನ ವಾಸನೆ ಸೇರಿಸಿದ, ಬಣ್ಣಬಣ್ಣದ ಟಾನಿಕ್ಕುಗಳನ್ನು ನಾನು ಯಾವ ಜಿನ್ನಿಗೂ ಶಿಫಾರಸು ಮಾಡುವುದಿಲ್ಲ.

ಇಷ್ಟೆಲ್ಲ ತಿಳಿದರೂ ಆಯ್ಕೆ ಪೂರ್ತಿ ನಮ್ಮ ಕೈಯಲ್ಲಿಲ್ಲ. ಕರ್ನಾಟಕದಲ್ಲಿ ಬಾರುಗಳಿಗೆ ಮದ್ಯ ಬರುವುದು ರಾಜ್ಯ ಪಾನೀಯ ನಿಗಮದ ಡಿಪೋಗಳಿಂದ ಮಾತ್ರ. ಗೋವಾದಲ್ಲಿ ಕುಡಿದ ಜಿನ್ನಿನ ಹೆಸರನ್ನು ಮೊಬೈಲಿನಲ್ಲಿ ತೋರಿಸಿ ಕೇಳುವವರಿಗೆ, ಡಿಪೋದಲ್ಲಿ ಇಲ್ಲದ್ದು ನಮ್ಮಲ್ಲಿಯೂ ಇರುವುದಿಲ್ಲವೆಂದು ಹೇಳಿ, ಅದಕ್ಕೆ ಹತ್ತಿರದ ರುಚಿಯದನ್ನು ಸೂಚಿಸುವುದೇ ನಾವು ಮಾಡಬಹುದಾದ ಕೆಲಸ.

ನಮ್ಮ ಊರಿನಲ್ಲಿ ಹೆಚ್ಚು ಗಮನ ಬೇಡುವುದು ಐಸ್. ನಲ್ಲಿ ನೀರು ದಿನಗಟ್ಟಲೆ ಬಾರದಿದ್ದಾಗ ಹೋಟೆಲುಗಳು ಬೋರ್‌ವೆಲ್ ನೀರಿಗೆ ಕೈಹಚ್ಚುತ್ತವೆ. ಆ ಗಡಸು ನೀರಿನ ಐಸ್ ಕರಗಿದಂತೆ ಟಾನಿಕ್ಕಿನ ಕಹಿಯ ಜೊತೆಗೆ ಉಪ್ಪುಪ್ಪಾದ ಒಗರೊಂದು ಸೇರುತ್ತದೆ. ಐಸ್ ಯಂತ್ರಕ್ಕೆ ಶುದ್ಧೀಕರಿಸಿದ ನೀರಿನ ಸಂಪರ್ಕವನ್ನೇ ಕೊಡಿಸಿದ ಮೇಲೆ ಈ ತೊಂದರೆ ತಪ್ಪಿತು. ಏಪ್ರಿಲ್-ಮೇ ಬಿಸಿಲಿನಲ್ಲಿ ಟಾನಿಕ್ ಪೆಟ್ಟಿಗೆಗಳು ಸ್ಟೋರ್ ರೂಮಿನಲ್ಲಿ ಕಾದಿರುತ್ತವೆ. 30 ಡಿಗ್ರಿಯ ನೀರು ಹಿಡಿದಿಡುವ ಗ್ಯಾಸ್, 5 ಡಿಗ್ರಿಯ ನೀರು ಹಿಡಿದಿಡುವುದರ ಅರ್ಧಕ್ಕಿಂತ ಕಡಿಮೆ. ಬೆಚ್ಚಗಿನ ಬಾಟಲಿಯನ್ನು ಐಸಿನ ಮೇಲೆ ಸುರಿದರೆ ಬುಸ್ಸೆಂದು ನೊರೆ ಬಂದು, ಮೇಜು ತಲುಪುವಷ್ಟರಲ್ಲಿ ಸಪ್ಪೆಯಾಗುತ್ತದೆ. ಆದ್ದರಿಂದ ಸಂಜೆಗೆ ಬೇಕಾದ ಟಾನಿಕ್ ಬೆಳಗ್ಗೆಯೇ ಫ್ರಿಜ್ಜಿಗೆ ಹೋಗಬೇಕು, ಗ್ಲಾಸಿನ ಅಂಚಿನವರೆಗೆ ಐಸ್ ತುಂಬಬೇಕು, ಜಿನ್ ಮೊದಲು ಹಾಕಿ ಟಾನಿಕ್ಕನ್ನು ಗ್ಲಾಸನ್ನು ಓರೆ ಹಿಡಿದು ನಿಧಾನವಾಗಿ ಇಳಿಸಬೇಕು, ಚಮಚದಿಂದ ತಳವನ್ನು ಒಮ್ಮೆ ಎತ್ತಿದರೆ ಸಾಕು.

ಕೊನೆಗೆ ನಿಂಬೆ. ಮಾರುಕಟ್ಟೆಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬರುವ ನಿಂಬೆ ರಸಕ್ಕೆ ಹೆಸರುವಾಸಿ, ಆದರೆ ಅದರ ಸಿಪ್ಪೆ ತೆಳು. ಪೂರ್ತಿ ಹೋಳು ಹಿಂಡಿದರೆ ಹುಳಿಯೊಂದೇ ಉಳಿಯುತ್ತದೆ. ನಾವು ಮೋಸಂಬಿ ಅಥವಾ ಕಿತ್ತಳೆಯ ಸಿಪ್ಪೆಯನ್ನು ಬಿಳಿಯ ಭಾಗ ಬಾರದಂತೆ ಸವರಿ, ಗ್ಲಾಸಿನ ಮೇಲೆ ಮುರಿದು, ಅದರ ಎಣ್ಣೆ ಚಿಮ್ಮಿದ ಮೇಲೆ ಒಳಗೆ ಹಾಕುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ಹಾಕಿ ನೋಡೋಣವೆಂದು ಹಾವೇರಿಯ ಹುಡುಗನೊಬ್ಬ ಹಟ ಹಿಡಿದಿದ್ದ. ಬಣ್ಣ ಸೊಗಸಾಗಿ ಬಂತು, ಜಿನ್ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅವನ ಜಿಲ್ಲೆಯದೇ ಹೆಸರು ಹೇಳುವ ಏಲಕ್ಕಿಯ ಒಂದು ಕಾಯಿಯನ್ನು ಬಿರಿಸಿ ಹಪುಸಾಕ್ಕೆ ಹಾಕಿದ್ದು ಚೆನ್ನಾಗಿ ಹೊಂದಿತು, ಈಗ ಅದು ನಮ್ಮ ಮೆನುವಿನಲ್ಲಿದೆ.