ಕೊಕ್ಕೆ ಎಲ್ಲಿ ಹಾಕಿದ್ದೀರಿ, ನೋಡಿಕೊಳ್ಳಿ

ಕತಾರ್‌ನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ ಮೊದಲ ವಾರ. ಸ್ಕ್ಯಾಫೋಲ್ಡಿಂಗ್, ಅಂದರೆ ಕೆಲಸಕ್ಕೆ ಪೈಪುಗಳಿಂದ ಕಟ್ಟಿದ ಅಟ್ಟಣೆ, ಹತ್ತಲು ಹೊರಟಿದ್ದ ನನ್ನನ್ನು ಸೇಫ್ಟಿ ಆಫೀಸರ್ ತಡೆದರು. ಏಣಿಯ ಪಕ್ಕ ಕೆಂಪು ಟ್ಯಾಗ್ ನೇತಾಡುತ್ತಿತ್ತು, ಅಂದರೆ ಹತ್ತಬಾರದು ಅಂತ. ನಾನು ನೋಡಿರಲೇ ಇಲ್ಲ! ಹಸಿರು ಟ್ಯಾಗ್ ಇದ್ದರೂ ತಪಾಸಣೆಯ ತಾರೀಖು, ಸಹಿ ಓದಿಯೇ ಹತ್ತಬೇಕು ಅಂದರು.

ಆಮೇಲೆ ನನ್ನ ಹಾರ್ನೆಸ್, ಅಂದರೆ ಮೈಗೆ ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟ್, ನೋಡಿದರು. ಅದರ ಹಗ್ಗದ ತುದಿಯ ಕೊಕ್ಕೆಯನ್ನು ಕಾಲ ಬಳಿಯ ಪೈಪಿಗೆ ಸಿಕ್ಕಿಸುವುದು ನನ್ನ ಅಭ್ಯಾಸ. ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಹಗ್ಗ 1.8 ಮೀಟರ್. ಬಿದ್ದಾಗ ಹೊಡೆತ ತಗ್ಗಿಸುವ ಮಡಚಿದ ಪಟ್ಟಿ (ಶಾಕ್ ಅಬ್ಸಾರ್ಬರ್) ಬಿಚ್ಚಿಕೊಂಡು ಇನ್ನೊಂದು ಮೀಟರ್. ಬೆನ್ನಿನ ಉಂಗುರದಿಂದ ಪಾದದವರೆಗೆ ಒಂದೂವರೆ. ಒಟ್ಟು 4.3. ನಾವು ನಿಲ್ಲುತ್ತಿದ್ದ ಎತ್ತರ 4 ಮೀಟರ್. ಅಂದರೆ ಬೆಲ್ಟ್ ಕಟ್ಟಿಕೊಂಡೇ ನೆಲಕ್ಕೆ ಬಡಿಯುತ್ತಿದ್ದೆ, ಅಲ್ವಾ? ಅವತ್ತಿನಿಂದ ಕೊಕ್ಕೆ ತಲೆಗಿಂತ ಮೇಲೆಯೇ.

ಬಿಸಿಲಿಗೂ ಅಲ್ಲಿ ನಿಯಮವಿದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಭಾಷೆಯ ವಿಷಯದಲ್ಲಿ. ಬೆಳಗಿನ ಸೇಫ್ಟಿ ಮಾತು ಇಂಗ್ಲಿಷ್‌ನಲ್ಲಿ ನಡೆಯುತ್ತಿತ್ತು. ಪಕ್ಕದ ಹುಡುಗ ಸುಮ್ನೆ ತಲೆಯಾಡಿಸಿ ಸಹಿ ಹಾಕುತ್ತಿದ್ದ. ಒಂದು ದಿನ ಕೇಳಿದೆ, "ಏನಂದ್ರು ಗೊತ್ತಾಯ್ತಾ?" "ಇಲ್ಲ ಅಣ್ಣ" ಅಂದ. ಅಂದೇ ಅವನನ್ನು ಕೂರಿಸಿಕೊಂಡು, ಹಾರ್ನೆಸ್ಸಿನ ಒಂದೊಂದು ಪಟ್ಟಿಯನ್ನೂ ಬಿಚ್ಚಿ, ಮತ್ತೆ ಹಾಕಿ ತೋರಿಸಿದೆ.